ಸೋತವರ ಚಪ್ಪರ

ಆ ಬೀದಿಯಲ್ಲಿ ಟೈಲರಕ್ಕ ಎಂದರೆ ಎಲ್ಲರಿಗೂ ಗೊತ್ತು. ಅವಳ ನಿಜವಾದ ಹೆಸರು ಕರೆಂಟು ಬಿಲ್ಲು ಕೊಡುವವನಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಚಿಕ್ಕವರು, ದೊಡ್ಡವರು, ಅವಳಿಗಿಂತ ಎಷ್ಟೋ ಹಿರಿಯರಾದ ಬೇಕರಿಯವರು ಕೂಡ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಇಡೀ ಬೀದಿಗೇ ಅಕ್ಕನಾದವಳನ್ನು ಅಕ್ಕ ಎನ್ನದೆ ಇದ್ದವಳು ಒಬ್ಬಳೇ: ಎದುರುಮನೆಯಲ್ಲಿದ್ದ ಅವಳ ಸ್ವಂತ ತಂಗಿ.

ಅಕ್ಕನ ಅಂಗಡಿ ಎಂದರೆ ಒಂದೇ ಕೋಣೆ. ಮುಂದೆ ಷಟರ್, ಬೆಳಕು ಬೀಳುವ ಬಾಗಿಲ ಪಕ್ಕದಲ್ಲಿ ಹೊಲಿಗೆ ಮಿಷನ್ನು, ಗೋಡೆಗೆ ಬಟ್ಟೆ ಜೋಡಿಸಿದ ರ‍್ಯಾಕು, ಗುಂಡಿ ಡಬ್ಬಿಗಳ ಮೇಲಿನ ಹಲಗೆಯಲ್ಲಿ ಒಂದು ಹಳೆಯ ಟೀವಿ. ಪರದೆಯ ಹಿಂದೆ ಒಂದು ಮಂಚ, ಒಂದು ಸ್ಟೌವ್. ಮಿಷನ್ನಿನ ಮುಂದೆ ಕೂತು ತಲೆ ಎತ್ತಿದರೆ ನೇರವಾಗಿ ಕಾಣುವುದು ತಂಗಿಯ ಮನೆಯ ಕಿಟಕಿ. ಅದಕ್ಕೇ ಅಕ್ಕ ತಲೆ ಎತ್ತುವುದನ್ನೇ ಬಿಟ್ಟಿದ್ದಳು. ಗಿರಾಕಿಗಳು ಅದನ್ನು ಕೆಲಸದ ಮೇಲಿನ ಶ್ರದ್ಧೆ ಎಂದುಕೊಂಡು ಊರೆಲ್ಲ ಹೊಗಳುತ್ತಿದ್ದರು.

ಅಕ್ಕತಂಗಿಯರಿಬ್ಬರಿಗೂ ಫುಟ್‌ಬಾಲ್ ಹುಚ್ಚು ಹಿಡಿಸಿದವನು ಅಪ್ಪ. ಅವನೂ ಟೈಲರೇ. ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಟೂರ್ನಮೆಂಟು ಬಂತೆಂದರೆ ಮಿಷನ್ನಿನ ಮೇಲೆ ರೇಡಿಯೊ ಇಟ್ಟುಕೊಂಡು, ಗೋಲು ಬಿದ್ದ ಜೋರಿಗೆ ಗಿರಾಕಿಯ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟ ಮಹಾನುಭಾವ. ರೇಡಿಯೊದವರು ಹೇಳುವ ದೇಶಗಳ ಹೆಸರಿಗೆ ಅವನ ನಾಲಿಗೆ ಹೊರಳುತ್ತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಎಲ್ಲ ತಂಡಗಳಿಗೂ ಬಟ್ಟೆಯ ಬಣ್ಣವೇ ಹೆಸರು. ಅಕ್ಕ ನೀಲಿಯವರನ್ನು ಹಿಡಿದಳು. ತಂಗಿಗೂ ನೀಲಿಯೇ ಬೇಕಿತ್ತು, ಆದರೆ ಅಪ್ಪ ಬಿಡಲಿಲ್ಲ.

"ಇಬ್ಬರೂ ಒಂದೇ ಟೀಮಾದ್ರೆ ಯಾರ ಹತ್ರ ಜಗಳ ಆಡ್ತೀರಿ? ಗೋಡೆ ಹತ್ರಾನಾ?" ಎಂದ.

ತಂಗಿ ಅತ್ತು ಕರೆದು ಕೊನೆಗೆ ಕೆಂಪಿನವರನ್ನು ಹಿಡಿದಳು. ಹಿಡಿದ ಮೇಲೆ ಸಾಯುವವರೆಗೂ ಬಿಡಲಿಲ್ಲ. ಅಪ್ಪನದು ಇನ್ನೊಂದು ನಿಯಮವಿತ್ತು: ಆಟ ಮುಗಿದ ಮೇಲೆ ಸೋತವರು ಟೀ ಮಾಡಬೇಕು, ಗೆದ್ದವರಿಗೆ ಕೂತಲ್ಲಿಗೇ ತಂದುಕೊಡಬೇಕು. ಟೀ ಕುಡಿದು ಲೋಟ ಕೆಳಗಿಟ್ಟ ಮೇಲೆ ಆ ಆಟದ ಬಗ್ಗೆ ಯಾರೂ ಕೊಂಕು ಮಾತಾಡುವಂತಿಲ್ಲ. ತಂಗಿ ಗೆದ್ದ ದಿನ ಮಿಷನ್ನಿನ ಸ್ಟೂಲಿನ ಮೇಲೆ ಕಾಲಮೇಲೆ ಕಾಲು ಹಾಕಿಕೊಂಡು, "ಸಕ್ಕರೆ ಕಮ್ಮಿ ಆಯ್ತು, ಇನ್ನೊಂದು ಸಲ ಮಾಡ್ಕೊಂಡು ಬಾ" ಎಂದು ಅಕ್ಕನನ್ನು ಎರಡೆರಡು ಸಲ ಓಡಾಡಿಸುತ್ತಿದ್ದಳು. ಅಕ್ಕ ಗೊಣಗುತ್ತಲೇ ಓಡಾಡುತ್ತಿದ್ದಳು.

ಅಮ್ಮ ಮೊದಲೇ ಇರಲಿಲ್ಲ. ಅಪ್ಪ ಹೋದ ಮೇಲೆ ಮಿಷನ್ನು ಅಕ್ಕನ ಪಾಲಿಗೆ ಬಂತು, ತಂಗಿಯೂ ಬಂದಳು. ಅಕ್ಕ ತನಗೆ ಮದುವೆ ಗಿದುವೆ ಎಂದು ಯೋಚಿಸಲಿಲ್ಲ. ತಂಗಿ ತೊಟ್ಟ ಒಂದೊಂದು ಬಟ್ಟೆಯೂ ಅವಳೇ ಹೊಲಿದದ್ದು. ತಂಗಿಯ ಭುಜ ಒಂದು ಕಡೆ ಸ್ವಲ್ಪ ಇಳಿದಿತ್ತು. ಅದು ಕಾಣದ ಹಾಗೆ ಒಳಗೆ ಒಂದು ಮಡಿಕೆ ಇಟ್ಟು ಹೊಲಿಯುವ ಗುಟ್ಟು ಅಕ್ಕನಿಗೆ ಮಾತ್ರ ಗೊತ್ತಿತ್ತು. ತನ್ನ ಭುಜ ಇಳಿದಿದೆಯೆಂದು ಸ್ವತಃ ತಂಗಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ತಂಗಿ ಎದುರುಮನೆಯ ವ್ಯಾನ್ ಡ್ರೈವರನ್ನು ಮೆಚ್ಚಿಕೊಂಡಳು. ಅಕ್ಕನ ಕೋಪಕ್ಕೆ ಹೆದರಿ ಹೇಳಲಿಲ್ಲ. ಒಂದು ಬೆಳಿಗ್ಗೆ ಗೆಳತಿಯ ಮನೆಗೆಂದು ಹೋದವಳು ಸಂಜೆ ಮದುಮಗಳಾಗಿ ವ್ಯಾನಿನಿಂದ ಇಳಿದಳು. ಬಸ್ಸು ಬೇಡ, ಆಟೋ ಬೇಡ, ಬೀದಿಯ ಈ ಬದಿಯವಳು ಆ ಬದಿಯವಳಾದಳು, ಅಷ್ಟೇ. ಅಕ್ಕ ಬಾಗಿಲಿಗೆ ಬಂದು ನೋಡಿದಳು. ತಂಗಿಯ ಮೈಮೇಲೆ ಬೇರೆ ಯಾವನೋ ಟೈಲರ್ ಹೊಲಿದ ಮದುವೆಯ ಬಟ್ಟೆ. ಒಂದು ಭುಜ ಜಾರಿತ್ತು, ಒಂದು ತೋಳು ಉದ್ದವಾಗಿತ್ತು. ಮದುವೆಯಾಗಿದ್ದನ್ನು ಅಕ್ಕ ಎಂದಾದರೂ ಕ್ಷಮಿಸುತ್ತಿದ್ದಳೇನೋ. ಆ ತೋಳನ್ನು ಕ್ಷಮಿಸಲಿಲ್ಲ.

ತಂಗಿ ಒಂದೆರಡು ಸಲ ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಅಕ್ಕ ತಲೆ ತಗ್ಗಿಸಿ ಪೆಡಲ್ ತುಳಿದಳು. ಎಷ್ಟು ತುಳಿದಳೆಂದರೆ ಸೂಜಿಯ ಕೆಳಗಿನ ಬಟ್ಟೆ ಮುಗಿದುಹೋಗಿ ಬರೀ ದಾರ ಓಡುತ್ತಿತ್ತು. ಕೊನೆಗೆ ತಂಗಿಯೂ ಬರುವುದನ್ನು ನಿಲ್ಲಿಸಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದರಲ್ಲಿ ಇಬ್ಬರೂ ಒಂದೇ ಅಪ್ಪನ ಮಕ್ಕಳು. ತಂಗಿಗೆ ಮಗಳು ಹುಟ್ಟಿದಳು, ಟೈಲರ್ ಅಂಗಡಿಯ ಎದುರಿಗೇ ರೆಡಿಮೇಡ್ ಫ್ರಾಕು ತೊಟ್ಟು ಬೆಳೆದಳು. ಆ ಫ್ರಾಕುಗಳ ಕೆಟ್ಟ ಹೊಲಿಗೆ ಅಕ್ಕನ ಕಣ್ಣಿಗೆ ಇಲ್ಲಿಂದಲೇ ಚುಚ್ಚುತ್ತಿತ್ತು.

ಇನ್ನು ಬೀದಿಯ ವಿಷಯ. ಮಾಮೂಲಿ ದಿನಗಳಲ್ಲಿ ಅದು ಬೀದಿಯಲ್ಲ, ಕುಸ್ತಿಯ ಕಣ. ಬೇಕರಿಯವರಿಗೂ ಕೇಬಲ್‌ನವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬೇಕರಿಯ ಬೋರ್ಡಿನ ಮೇಲೆ ಕೇಬಲ್ ವೈರು ಹಾದುಹೋಗಿದೆ ಎಂಬುದೇ ಕಾರಣ. ಮಹಡಿಯವರು ನೀರು ಚೆಲ್ಲಿದರೆಂದು ಕೆಳಗಿನವರಿಗೆ ಕೋಪ, ಗಾಡಿ ಅಡ್ಡ ನಿಲ್ಲಿಸಿದರೆಂದು ಎಲ್ಲರಿಗೂ ಎಲ್ಲರ ಮೇಲೂ ಕೋಪ. ಆದರೆ ಟೂರ್ನಮೆಂಟು ಶುರುವಾಯಿತೋ, ಅದೇ ಜನ ಮದುವೆಮನೆಯ ನೆಂಟರಂತೆ ಹಲ್ಲು ಕಿರಿಯುತ್ತಿದ್ದರು. ಕೇಬಲ್‌ನವನು ಬೇಕರಿಯ ಪಕ್ಕದ ಖಾಲಿ ಗೋಡೆಗೆ ದೊಡ್ಡ ಪರದೆ ಕಟ್ಟುತ್ತಿದ್ದ. ಬೇಕರಿಯವರು ತಮ್ಮ ತಂಡ ಗೆದ್ದರೆ ಬನ್ನು ಹಂಚುತ್ತಿದ್ದರು, ಸೋತರೆ ಅಂಗಡಿ ಮುಚ್ಚಿ ಒಳಗೆ ಕೂತು ತಾವೇ ತಿನ್ನುತ್ತಿದ್ದರು. ತಮ್ಮ ದೇಶ ಆ ಟೂರ್ನಮೆಂಟಿನ ಹತ್ತಿರ ಕೂಡ ಸುಳಿಯದಿದ್ದರೂ, ಯಾವತ್ತೂ ಕಾಣದ ದೇಶದ ಹುಡುಗನೊಬ್ಬ ಪೆನಾಲ್ಟಿಯ ಗುರಿ ತಪ್ಪಿಸಿದ್ದಕ್ಕೆ ಇಲ್ಲಿ ಎರಡು ಮನೆಯಲ್ಲಿ ಅಡುಗೆ ಮಾಡುತ್ತಿರಲಿಲ್ಲ. ಹುಚ್ಚಿಗೂ ಒಂದು ಮಿತಿ ಬೇಡವೇ?

ಬಾವುಟಗಳನ್ನೆಲ್ಲ ಹೊಲಿಯುತ್ತಿದ್ದವಳು ಟೈಲರಕ್ಕ. ಅವುಗಳಿಂದಲೇ ಆ ಬೀದಿಗೆ ಒಂದು ಪದ್ಧತಿ ಹುಟ್ಟಿತು. ಒಂದು ವರ್ಷ ಫೈನಲ್ ಸಂಜೆಯ ಬಿಸಿಲಿನಲ್ಲಿ ಬಂತು. ಪರದೆಯ ಮೇಲೆ ಬಿಸಿಲು ಬಿದ್ದು ಚೆಂಡೂ ಕಾಣದು, ಆಟಗಾರರೂ ಕಾಣರು. ನೆರಳಿಗೆ ಅಷ್ಟಗಲದ ಬಟ್ಟೆ ಎಲ್ಲಿಂದ ತರುವುದು? ಆಗ ಅಕ್ಕ, "ಸೋತೋರ ಬಾವುಟ ಮನೇಲಿ ಇಟ್ಕೊಂಡು ಏನ್ ಪೂಜೆ ಮಾಡ್ತೀರಾ? ಎಲ್ಲ ತಂದ್ಕೊಡಿ" ಎಂದಳು. ಬಂದವನ್ನೆಲ್ಲ ಒಂದೇ ಅಳತೆಯ ಚೌಕಗಳಾಗಿ ಕತ್ತರಿಸಿ, ಬಣ್ಣಕ್ಕೆ ಬಣ್ಣ ಜೋಡಿಸಿ, ಬೀದಿಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟುವಷ್ಟು ದೊಡ್ಡ ಚಪ್ಪರ ಹೊಲಿದಳು. ಸೋತವರೆಲ್ಲ ಅದರ ಕೆಳಗೆ ಕೂತು ಫೈನಲ್ ನೋಡಿದರು. ತಮ್ಮ ತಂಡವನ್ನು ಹೊರದಬ್ಬಿದ ಕೇಬಲ್‌ನವನ ತಂಡದ ತುಂಡೇ ತಮ್ಮ ತಂಡದ ತುಂಡಿನ ಪಕ್ಕದಲ್ಲಿ ಹೊಲಿಗೆಯಾಗಿರುವುದನ್ನು ನೋಡಿ ಬೇಕರಿಯವರು ಅವನ ಹೆಗಲ ಮೇಲೆ ಕೈ ಹಾಕಿದರಂತೆ. ಅಲ್ಲಿಂದ ಮುಂದೆ ತಂಡ ಸೋತ ಮರುದಿನ ಬಾವುಟವನ್ನು ಒಗೆದು ಇಸ್ತ್ರಿ ಮಾಡಿ ಅಕ್ಕನಿಗೆ ಒಪ್ಪಿಸುವುದು ಆ ಬೀದಿಯ ಕಾನೂನಾಯಿತು.

ತಂಗಿಯ ಬಾವುಟ ಮಾತ್ರ ಅಕ್ಕನ ಕೈಗೆ ಎಂದೂ ಬಂದಿರಲಿಲ್ಲ. ತಂಗಿ ಕೆಂಪಿನವರ ಬಾವುಟವನ್ನು ತಾನೇ ಕೈಯಲ್ಲಿ ಹೊಲಿದುಕೊಂಡಿದ್ದಳು. ಕೆಂಪು ಬಟ್ಟೆಯ ಮೇಲೆ ಓರೆಯಾಗಿ ಒಂದು ಹಳದಿ ಪಟ್ಟಿ. ಸೋತರೆ ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಚಪ್ಪರದ ಕೆಳಗೂ ಬರುತ್ತಿರಲಿಲ್ಲ, ಕಿಟಕಿಯಿಂದಲೇ ನೋಡುತ್ತಿದ್ದಳು. ಬೇಕರಿಯವರು ಒಮ್ಮೆ, "ಫುಟ್‌ಬಾಲ್ ಇಡೀ ಪ್ರಪಂಚಾನೇ ಒಂದು ಮಾಡುತ್ತೆ ಕಣಕ್ಕಾ, ನಿಮ್ಮಿಬ್ಬರನ್ನ ಬಿಟ್ಟು" ಎಂದು ಅಕ್ಕನಿಗೆ ಹೇಳಿ, ಸರಿಯಾಗಿ ಬೈಸಿಕೊಂಡರು.

ಆ ವರ್ಷ ನೀಲಿಯವರೂ ಕೆಂಪಿನವರೂ ಎಂದೂ ಆಡದ ಹಾಗೆ ಆಡಿದರು. ಇಬ್ಬರೂ ಸೆಮಿಫೈನಲ್ಲಿಗೆ ಬಂದರು. ಇಬ್ಬರೂ ಗೆದ್ದರೆ ಫೈನಲ್ಲಿನಲ್ಲಿ ಎದುರುಬದುರು! ಬೀದಿಯವರು ಆಟಕ್ಕಿಂತ ಹೆಚ್ಚಾಗಿ ಈ ಎರಡು ಮನೆಗಳನ್ನು ನೋಡತೊಡಗಿದರು. ಅಕ್ಕನೂ ಒಳಗೊಳಗೇ ಲೆಕ್ಕ ಹಾಕಿದ್ದಳು. ಫೈನಲ್ ಬಂದರೆ ತಂಗಿ ಚಪ್ಪರದ ಕೆಳಗೆ ಬರಲೇಬೇಕು. ಆಟ ಮುಗಿದ ಮೇಲೆ ಒಬ್ಬರು ಟೀ ಮಾಡಲೇಬೇಕು. ಅಪ್ಪನ ನಿಯಮ ಮೀರಲು ಇಬ್ಬರಿಗೂ ಧೈರ್ಯವಿರಲಿಲ್ಲ. ಯಾರು ಮೊದಲು ಮಾತಾಡಬೇಕು ಎಂಬ ತಕರಾರೇ ಇಲ್ಲದೆ ಮಾತು ಶುರುವಾಗುತ್ತದೆ.

ಆದರೆ ನೀಲಿಯವರು ಸೋತರು. ಮರುದಿನ ಕೆಂಪಿನವರೂ ಸೋತರು.

ಅದರ ಮಾರನೆಯ ಬೆಳಿಗ್ಗೆ ವ್ಯಾನಿನವನು, ಅಂದರೆ ತಂಗಿಯ ಗಂಡ, ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಇಷ್ಟು ವರ್ಷದಲ್ಲಿ ಅದೇ ಮೊದಲು. ಕೈಯಲ್ಲಿ ಒಗೆದು ಇಸ್ತ್ರಿ ಮಾಡಿ ಮಡಿಸಿದ ಕೆಂಪು ಬಾವುಟ.

"ಅಕ್ಕಾ, ಅವಳು ಕೊಟ್ಟು ಬಾ ಅಂದ್ಲು. ಈ ಸಲ ನಮ್ದೂ ಚಪ್ಪರಕ್ಕೆ ಸೇರ್ಲಿ ಅಂತ."

ಪೆಡಲಿನ ಮೇಲೆ ಅಕ್ಕನ ಕಾಲು ನಿಂತಿತು. ಆದರೆ ಇಷ್ಟು ವರ್ಷ ಕಾದ ಕೋಪ ಒಂದೇ ಮಾತಿಗೆ ಕೆಳಗಿಳಿದರೆ ಅದಕ್ಕೇನು ಬೆಲೆ? ಅವಳು ಮೇಜಿನ ಮೂಲೆ ತೋರಿಸಿ ಪೆಡಲ್ ತುಳಿಯತೊಡಗಿದಳು.

"ಇನ್ನೊಂದು ವಿಷಯ ಹೇಳ್ಬೇಕಿತ್ತು ಅಕ್ಕಾ, ನಾವು..." ಎಂದ ಅವನು.

ಅಕ್ಕ ಇನ್ನೂ ಜೋರಾಗಿ ತುಳಿದಳು. ಅವನು ಮೆಟ್ಟಿಲಿಳಿದು ಹೊರಟುಹೋದ.

ಅವನು ಹೋದ ಕೂಡಲೇ ಅಕ್ಕ ಬಾವುಟ ಬಿಡಿಸಿ ನೋಡಿದಳು. ಅಂಚಿನ ಕೈಹೊಲಿಗೆ ತಾನೇ ಕಲಿಸಿದ್ದು. ಸಾಲು ಸಾಲಾಗಿ, ಒಂದೇ ಅಳತೆ. ಸಂತೋಷವೋ ಸಂಕಟವೋ ಅವಳಿಗೇ ತಿಳಿಯಲಿಲ್ಲ. ಆ ಗಡಿಬಿಡಿಯಲ್ಲಿ ಅವಳು ಮಾಡಿದ್ದು ಒಂದೇ ಕೆಲಸ. ಕತ್ತರಿ ತೆಗೆದು ಬಾವುಟವನ್ನು ಚೌಕ ಚೌಕವಾಗಿ ಕತ್ತರಿಸಿ, ಸಂಜೆಯೊಳಗೆ ಚಪ್ಪರಕ್ಕೆ ಹೊಲಿದುಬಿಟ್ಟಳು, ತಂಗಿ ಮನಸ್ಸು ಬದಲಿಸಿ ವಾಪಸ್ ಕೇಳಿಯಾಳೆಂಬ ಭಯಕ್ಕೆ. ತನ್ನ ನೀಲಿ ಬಾವುಟವನ್ನು ಮಾತ್ರ ಷಟರಿನ ಮೇಲೆ ಹಾಗೆಯೇ ಬಿಟ್ಟಿದ್ದಳು. ಅದನ್ನು ಕೊನೆಯಲ್ಲಿ ಅಂಚಿಗೆ ಹಾಕಿದರಾಯಿತು ಎಂಬ ಯೋಚನೆ.

ಅವಳು ಮರೆತದ್ದು ಇಷ್ಟು: ಸೆಮಿಫೈನಲ್ಲಿನಲ್ಲಿ ಸೋತ ಎರಡು ತಂಡಗಳಿಗೆ ಇನ್ನೂ ಒಂದು ಆಟ ಬಾಕಿ ಇರುತ್ತದೆ. ಫೈನಲ್ಲಿನ ಹಿಂದಿನ ದಿನ ಅವರಿಬ್ಬರೂ ಮೂರನೇ ಸ್ಥಾನಕ್ಕೆ ಆಡುತ್ತಾರೆ. ಆ ಬೀದಿಯಲ್ಲಿ ಅದನ್ನು ಯಾರೂ ಆಟವೆಂದೇ ಎಣಿಸುತ್ತಿರಲಿಲ್ಲ; ಕೇಬಲ್‌ನವನು ಅದಕ್ಕೆ ಪರದೆ ಕೂಡ ಕಟ್ಟುತ್ತಿರಲಿಲ್ಲ. ಈ ಸಲ ಆ ಆಟ ನೀಲಿಯವರಿಗೂ ಕೆಂಪಿನವರಿಗೂ ನಡುವೆ. ಅಪ್ಪನ ಇಬ್ಬರು ಮಕ್ಕಳಿಗೆ ಮಾತ್ರ ಬೇಕಾದ ಆಟ.

ಆ ದಿನ ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಅಕ್ಕ ತಲೆ ಎತ್ತಿದರೆ ತಂಗಿ. ಕೂದಲಲ್ಲಿ ಬಿಳಿ ಎಳೆ ಬಂದಿತ್ತು. ಭುಜ ಇನ್ನಷ್ಟು ಇಳಿದಿತ್ತು.

"ಅಕ್ಕಾ, ಇವತ್ತು ನಮ್ಮೋರ ಆಟ ಇನ್ನೂ ಇದೆ. ಬಾವುಟ ಒಂದಿನ ಕೊಡ್ತೀಯಾ? ನಾಳೆ ನಾನೇ ತಂದ್ಕೊಡ್ತೀನಿ" ಎಂದಳು.

ಅಷ್ಟು ವರ್ಷಗಳ ಮೇಲೆ ಕಿವಿಗೆ ಬಿದ್ದ ಅಕ್ಕಾ ಎಂಬ ಕರೆ. ಅದಕ್ಕೆ ಕೊಡಲು ಅಕ್ಕನ ಹತ್ತಿರ ಇದ್ದ ಉತ್ತರ ನೆಲದ ಮೇಲೆ ಹರಡಿಕೊಂಡು ಬಿದ್ದಿತ್ತು. ಚಪ್ಪರದ ತುಂಬ ಅಲ್ಲಲ್ಲಿ ಕೆಂಪು ಚೌಕಗಳು.

"ಕತ್ತರಿಸ್ಬಿಟ್ಟೆ" ಎಂದಳು.

ತಂಗಿ ಚಪ್ಪರ ನೋಡಿದಳು. ಆಮೇಲೆ ಷಟರಿನ ಮೇಲೆ ಹಾರಾಡುತ್ತಿದ್ದ ನೀಲಿ ಬಾವುಟ ನೋಡಿದಳು.

"ನಿಂದು?"

"ಅದು... ಅಂಚಿಗೆ ಅಂತ ಇಟ್ಕೊಂಡಿದ್ದೀನಿ."

"ಹೂಂ, ಸರಿ ಬಿಡು. ಕತ್ತರಿ ಯಾವಾಗ್ಲೂ ನಿನ್ನ ಕೈಲೇ ತಾನೆ ಇರೋದು" ಎಂದು ತಂಗಿ ನಕ್ಕಳು. ಬಂದ ಹಾಗೆಯೇ ಮೆಟ್ಟಿಲಿಳಿದು ಹೋದಳು.

ರ‍್ಯಾಕಿನಲ್ಲಿ ಕೆಂಪು ಬಟ್ಟೆಯಿತ್ತು. ಹಳದಿ ಪಟ್ಟಿಗೆ ಬೇಕಾದ ಚೂರೂ ಇತ್ತು. ಟೈಲರಕ್ಕನ ಕೈಗೆ ಅದೆಷ್ಟರ ಕೆಲಸ? ಅವಳು ಬಟ್ಟೆಯನ್ನು ಇಳಿಸಿದಳು, ಮೇಜಿನ ಮೇಲೆ ಹರಡಿದಳು, ಸೀಮೆಸುಣ್ಣದಿಂದ ಗೆರೆಯನ್ನೂ ಎಳೆದಳು. ಎಳೆದ ಮೇಲೆ ಒಂದು ಹಾಳು ಯೋಚನೆ ಬಂತು: ಹೊಲಿದು ಮುಗಿಸಿ, ಆಮೇಲೆ? ನಾನೇ ಬೀದಿ ದಾಟಿ ಹೋಗಿ ಅವಳ ಬಾಗಿಲು ತಟ್ಟಬೇಕೇ? ಒಂದು ಸಲ ಬಂದವಳು ಇನ್ನೊಂದು ಸಲ ಬರಲಾರಳೇ? ಬಟ್ಟೆ ಹಾಗೆಯೇ ಮೇಜಿನ ಮೇಲೆ ಉಳಿಯಿತು. ಆಟ ಶುರುವಾಗುವ ಹೊತ್ತಿಗೆ ಎದುರಿನ ಕಿಟಕಿಯಲ್ಲಿ ಒಂದು ಕೆಂಪು ಟವೆಲ್ ನೇತಾಡುತ್ತಿತ್ತು, ಅದಕ್ಕೆ ಓರೆಯಾಗಿ ಪಿನ್ನು ಚುಚ್ಚಿದ ಹಳದಿ ರಿಬ್ಬನ್ನು. ಟೈಲರಕ್ಕನ ತಂಗಿ ಬಾವುಟವಿಲ್ಲದೆ ಟವೆಲ್ ಹಾರಿಸಿದ್ದಳು. ಅಕ್ಕನಿಗೆ ಆ ಮದುವೆಯ ಬಟ್ಟೆಯ ಉದ್ದ ತೋಳು ನೆನಪಾಯಿತು. ಈ ಸಲ ತಪ್ಪು ಯಾರದೆಂದು ತನಗೇ ಗೊತ್ತಿದ್ದುದರಿಂದ ಕೋಪ ಬರಲಿಲ್ಲ, ನಾಚಿಕೆ ಬಂತು.

ಬೀದಿಯಲ್ಲಿ ಆ ಆಟ ಓಡಿದ್ದು ಎರಡೇ ಟೀವಿಗಳಲ್ಲಿ. ನೀಲಿಯವರು ಗೋಲು ಹೊಡೆದಾಗ ಅಕ್ಕ ಅಪ್ಪನ ಹಾಗೆ "ಹೋಯ್!" ಎಂದು ಕೂಗಿದಳು. ಸ್ವಲ್ಪ ಹೊತ್ತಿಗೆ ಎದುರಿನಿಂದ ಅದೇ "ಹೋಯ್!" ಬಂತು, ಕೆಂಪಿನವರ ಗೋಲಿಗೆ. ಸುಮ್ಮನೆ ಹೋಗುತ್ತಿದ್ದವರಿಗೆ ಎರಡು ಮನೆಯವರು ಒಬ್ಬರನ್ನೊಬ್ಬರು ಕರೆಯುತ್ತಿದ್ದಾರೆ ಎನಿಸುವಂತಿತ್ತು. ಬೇಕರಿಯವರು ಹೊರಗೆ ಬಂದು ಆ ಕಡೆ ಈ ಕಡೆ ನೋಡಿ ತಲೆ ಚಚ್ಚಿಕೊಂಡು ಒಳಗೆ ಹೋದರು. ಕೊನೆಗೆ ಕೆಂಪಿನವರು ಗೆದ್ದರು. ಎದುರಿನ ಕೂಗು ಈ ಸಲ ಉದ್ದವಾಗಿತ್ತು.

ಸೋತವರು ಟೀ ಮಾಡಬೇಕು. ಅಕ್ಕ ಎದ್ದು ಸ್ಟೌವ್ ಹಚ್ಚಿದಳು. ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದಳು. ಎರಡು ಲೋಟ ಹಿಡಿದು ಬಾಗಿಲಿಗೆ ಬಂದಳು. ಎದುರುಮನೆಯ ಮುಂದೆ ವ್ಯಾನಿನ ಹಿಂಬಾಗಿಲು ತೆರೆದಿತ್ತು. ವ್ಯಾನಿನವನು ಕುರ್ಚಿಗಳನ್ನು, ರಟ್ಟಿನ ಡಬ್ಬಗಳನ್ನು ಹೊತ್ತು ತರುತ್ತಿದ್ದ. ನಾಳೆಯ ಫೈನಲ್ಲಿಗೆ ಬೀದಿಯವರೆಲ್ಲ ಕುರ್ಚಿ ಹೊರಗೆ ಹಾಕುವುದು ಮಾಮೂಲು. ಇವರೂ ಬರುತ್ತಾರೆ ಅಂತಾಯಿತು ಎಂದುಕೊಂಡಳು. ಅವನೆದುರಿಗೆ ಟೀ ಹಿಡಿದು ಹೋಗಿ ನಿಲ್ಲುವುದು ಹೇಗೆ? ಹೇಗೂ ನಾಳೆ ಚಪ್ಪರದ ಕೆಳಗೆ ಸಿಗುತ್ತಾಳಲ್ಲ, ಆಗಲೇ ಕೊಟ್ಟರಾಯಿತು. ಹೊಸ್ತಿಲಲ್ಲಿ ನಿಂತೇ ಇದ್ದಳು. ಟೀ ಆರಿತು. ಕೆನೆ ಕಟ್ಟಿತು. ಒಳಗೆ ಹೋಗಿ ಚೆಲ್ಲಿದಳು.

ಬೆಳಿಗ್ಗೆ ಷಟರ್ ಎತ್ತಿದಾಗ ಎದುರುಮನೆಗೆ ಬೀಗ ಬಿದ್ದಿತ್ತು. ಕಿಟಕಿಯಲ್ಲಿ ಟವೆಲ್ ಇರಲಿಲ್ಲ.

"ನಿನಗೆ ಗೊತ್ತಿರ್ಲಿಲ್ವಾ ಅಕ್ಕಾ? ಅವನಿಗೆ ದೂರದೂರಲ್ಲಿ ಫ್ಯಾಕ್ಟರಿ ಕೆಲಸ ಸಿಕ್ತಲ್ಲ. ನಿನಗೆ ಹೇಳೋಕೆ ಅಂತಾನೇ ಬಾವುಟ ಹಿಡ್ಕೊಂಡು ಬಂದಿದ್ನಂತೆ" ಎಂದರು ಬೇಕರಿಯವರು.

ಆ ಸಂಜೆ ಬೀದಿ ತುಂಬಿ ತುಳುಕಿತು. ಆಟ ಪೆನಾಲ್ಟಿಯವರೆಗೂ ಎಳೆಯಿತು. ಕೇಬಲ್‌ನವನು ಬೇಕರಿಯವರನ್ನು ತಬ್ಬಿಕೊಂಡು ಎತ್ತಿ ಸುತ್ತಿಸಿದ. ಮಹಡಿಯವರು ಕೆಳಗಿನವರ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. "ಇಡೀ ಬೀದೀನ ಒಂದೇ ಸೂರಿನ ಕೆಳಗೆ ತಂದವಳು ನಮ್ಮ ಟೈಲರಕ್ಕ!" ಎಂದು ಯಾರೋ ಕೂಗಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪರದ ಕೆಂಪು ಚೌಕಗಳಿಂದ ಇಳಿದ ಬೆಳಕು ಅಲ್ಲೊಬ್ಬರ ಇಲ್ಲೊಬ್ಬರ ಮುಖದ ಮೇಲೆ ಬಿದ್ದಿತ್ತು. ಅಕ್ಕ ನಕ್ಕಳು. ನಕ್ಕು ಒಳಗೆ ಬಂದು ಪರದೆ ಎಳೆದುಕೊಂಡು ಅತ್ತಳು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಬರುವುದಿಲ್ಲ. ಆದರೂ ಅಕ್ಕ ಚಪ್ಪರ ಬಿಚ್ಚಿ, ಒಂದೊಂದೇ ಕೆಂಪು ಚೌಕದ ಹೊಲಿಗೆ ಬಿಡಿಸಿ, ಹಳದಿ ಪಟ್ಟಿ ಓರೆಯಾಗಿ ಕೂಡುವಂತೆ ಜೋಡಿಸಿ, ಮತ್ತೆ ಬಾವುಟ ಮಾಡಿದಳು. ಹೊಲಿಗೆಗೆ ಹೋದ ಬಟ್ಟೆಯಿಂದಾಗಿ ಅದು ಮೊದಲಿಗಿಂತ ಚಿಕ್ಕದಾಯಿತು, ಉದ್ದಕ್ಕೂ ಅಡ್ಡಕ್ಕೂ ಗೆರೆಗಳು ಎದ್ದು ಕಾಣುತ್ತಿದ್ದವು. ವಿಳಾಸ ಪತ್ತೆ ಮಾಡಿ ಪಾರ್ಸೆಲ್ ಕಳಿಸಿದಳು. ಜೊತೆಗೆ ಒಂದು ಮಾತೂ ಬರೆಯಲಿಲ್ಲ. ಅದು ವಾಪಸ್ಸೂ ಬರಲಿಲ್ಲ, ಸಿಕ್ಕಿತು ಎಂದು ಸುದ್ದಿಯೂ ಬರಲಿಲ್ಲ.

ಮುಂದಿನ ಟೂರ್ನಮೆಂಟಿನ ಹೊತ್ತಿಗೆ ಅಕ್ಕನ ಕೈಯಲ್ಲಿ ಮೊಬೈಲ್ ಇತ್ತು, ಅದರಲ್ಲಿ ತಂಗಿಯ ನಂಬರೂ ಇತ್ತು. ಕೆಂಪಿನವರು ಗೆದ್ದ ದಿನ ಫೋನು ಹಿಡಿದು ಕೂತಳು. ಅವಳೇ ಗೆದ್ದಿದ್ದಾಳೆ, ಹೆಮ್ಮೆಗಾದರೂ ಅವಳೇ ಮಾಡಲಿ ಎಂದುಕೊಂಡಳು. ನೀಲಿಯವರು ಗೆದ್ದ ದಿನ, ಗೆದ್ದವಳು ನಾನು, ಅವಳೇ ಮಾಡಬೇಕು ಎಂದುಕೊಂಡಳು. ಹೀಗೆ ಎರಡು ಕಡೆಯಿಂದಲೂ ನ್ಯಾಯ ತನ್ನದೇ ಆಯಿತು. ಇಂಥ ನ್ಯಾಯಕ್ಕೆ ಬೆಂಕಿ ಬೀಳಲಿ. ಆ ಟೂರ್ನಮೆಂಟು ಮುಗಿಯಿತು.

ಅದರ ಮುಂದಿನ ಟೂರ್ನಮೆಂಟಿನ ಮಧ್ಯೆ ಒಂದು ಬೆಳಿಗ್ಗೆ ವ್ಯಾನಿನವನ ಫೋನು ಬಂತು. ತಂಗಿಗೆ ಬಹಳ ದಿನದಿಂದ ಕಾಯಿಲೆಯಿತ್ತಂತೆ. ಅಕ್ಕ ಸಿಕ್ಕ ಬಸ್ಸು ಹತ್ತಿ, ಇನ್ನೊಂದು ಬಸ್ಸಿಗೆ ಬದಲಿಸಿ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆಯ ಮುಂದೆ ಬಾವುಟ ಕಟ್ಟಿತ್ತು. ಅದೇ ಬಾವುಟ, ಗೆರೆಗಳೆಲ್ಲ ಕಾಣುತ್ತಿದ್ದವು. ತಂಗಿಯ ಮಗಳು ಈಗ ಕೆಲಸಕ್ಕೆ ಹೋಗುವ ಹೆಂಗಸು. ಭುಜ ಅಮ್ಮನದೇ. ಅವಳು ಅಕ್ಕನನ್ನು ಒಳಗೆ ಕೂರಿಸಿ, ಹೊರಗೆ ಹೋಗಿ ಬಾವುಟ ಇಳಿಸಿ, ಮಡಿಸಿ ತಂದು ಅವಳ ಮಡಿಲಲ್ಲಿ ಇಟ್ಟಳು.

"ಸೋತ ಮೇಲೆ ಬಾವುಟ ದೊಡ್ಡಮ್ಮನಿಗೆ ಕೊಡ್ಬೇಕು, ಅದು ನಮ್ಮ ಬೀದಿ ರೂಲು ಅಂತ ಅಮ್ಮ ಹೇಳಿದ್ರು."

"ಕೆಂಪಿನವರು ಇನ್ನೂ ಸೋತಿಲ್ವಲ್ಲ ಮಗಾ" ಎಂದಳು ಅಕ್ಕ.

"ಅಮ್ಮ ಸೋತ್ರಲ್ಲ, ದೊಡ್ಡಮ್ಮ."

ಅಕ್ಕ ಬಾವುಟದ ಗೆರೆಗಳ ಮೇಲೆ ಬೆರಳಾಡಿಸುತ್ತ ಕೂತಳು. ಹುಡುಗಿ ಕೇಳಿದಳು:

"ದೊಡ್ಡಮ್ಮ, ಒಂದು ವಿಷಯ ಕೇಳ್ಲಾ? ನೀಲಿಯವರು ಗೆದ್ದ ದಿನ ಅಮ್ಮ ಎರಡು ಲೋಟ ಟೀ ಮಾಡೋರು. ಒಂದು ಕುಡಿದು, ಇನ್ನೊಂದು ಹಾಗೇ ಎದುರಿಗೆ ಇಟ್ಕೊಂಡು ಕೂತಿರೋರು. ಯಾರಿಗಮ್ಮಾ ಇದು ಅಂದ್ರೆ, ಗೆದ್ದೋರಿಗೆ ಅನ್ನೋರು. ಅದೇನು?"

"ಏನಿಲ್ಲ. ನಿಮ್ಮ ತಾತ ಮಾಡಿದ್ದ ರೂಲು" ಎಂದಳು ಅಕ್ಕ. ಆಮೇಲೆ ಜೋರಾಗಿ ಅತ್ತಳು. ಆ ಮನೆಯಲ್ಲಿ ಅದುವರೆಗೆ ಅಷ್ಟು ಜೋರಾಗಿ ಯಾರೂ ಅತ್ತಿರಲಿಲ್ಲ.

ಬೀದಿಗೆ ಹಿಂತಿರುಗಿದ ದಿನ ಅಕ್ಕ ಷಟರಿನ ಮೇಲೆ ಕೆಂಪು ಬಾವುಟ ಕಟ್ಟಿದಳು. ನೀಲಿಯವರು ಆ ಸಲ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಗಿದ್ದರು. ಅವರ ಬಾವುಟ ಆಗಲೇ ಚಪ್ಪರದಲ್ಲಿ ಚೌಕವಾಗಿತ್ತು. "ಏನಕ್ಕಾ, ಪಾರ್ಟಿ ಬದಲಾಯ್ಸಿದ್ಯಾ?" ಎಂದು ನಗಲು ಬಂದ ಕೇಬಲ್‌ನವನು ಅವಳ ಮುಖ ನೋಡಿ ವೈರಿನ ಸುರುಳಿ ಹೆಗಲಿಗೇರಿಸಿಕೊಂಡು ಹೊರಟ. ಕೆಂಪಿನವರು ಸೆಮಿಫೈನಲ್ಲಿನವರೆಗೆ ಹೋಗಿ ಸೋತರು. ಮರುದಿನ ಬೇಕರಿಯವರು ಮೆಲ್ಲಗೆ ಬಂದರು.

"ಚಪ್ಪರಕ್ಕೆ ಒಂದು ಮೂಲೆ ಕಮ್ಮಿ ಬಂದಿದೆ ಅಕ್ಕಾ. ಅವ್ರೂ ಸೋತ್ರಲ್ಲ..."

"ಇನ್ನೊಂದು ಆಟ ಇದೆ" ಎಂದಳು ಅಕ್ಕ.

ಮೂರನೇ ಸ್ಥಾನದ ಆಟದ ದಿನ ಮಧ್ಯಾಹ್ನವೇ ಕೆಲಸ ನಿಲ್ಲಿಸಿ ಟೀವಿಯ ಮುಂದೆ ಕೂತಳು. ಇಬ್ಬರೂ ಒಂದೇ ಟೀಮು ಹಿಡಿಯಬಾರದು, ಕೆಂಪಿನವರು ತಂಗಿಯವರು. ಹಾಗಾಗಿ ಅವಳು ಎದುರಿನ ತಂಡದವಳಾದಳು, ಅದರ ಹೆಸರೂ ಸರಿಯಾಗಿ ಗೊತ್ತಿಲ್ಲದಿದ್ದರೂ. ಅವರು ಗೋಲು ಹೊಡೆದಾಗ "ಹೋಯ್!" ಎಂದು ಕೂಗಿ, ಕಿವಿಗೊಟ್ಟು ಕಾದಳು. ಆಮೇಲೆ ಕೆಂಪಿನವರು ಒಂದು ಹೊಡೆದರು, ಇನ್ನೊಂದು ಹೊಡೆದರು. ಎದುರಿನಿಂದ ಕೂಗು ಬರಲಿಲ್ಲ. ಎದುರುಮನೆ ಈಗ ಮೊಬೈಲ್ ರಿಪೇರಿ ಅಂಗಡಿ. ಒಬ್ಬ ಮಧ್ಯವಯಸ್ಕ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ತಲೆ ತಗ್ಗಿಸಿ ಕೂತಿದ್ದ.

ಕೆಂಪಿನವರು ಗೆದ್ದರು.

ಅಕ್ಕ ಸ್ಟೌವ್ ಹಚ್ಚಿದಳು. ಸಕ್ಕರೆ ಒಂದು ಚಮಚ ಹೆಚ್ಚು ಹಾಕಿದಳು. ಎರಡು ಲೋಟಕ್ಕೆ ಸುರಿದು ಹೊಸ್ತಿಲಿಗೆ ಬಂದಳು, ಈ ಸಲ ನಿಲ್ಲಲಿಲ್ಲ. ಬೀದಿ ದಾಟಿದಳು. ಆ ಬದಿ ಮುಟ್ಟಿ ನೋಡಿದರೆ ಲೋಟಗಳಿಂದ ಹಬೆ ಇನ್ನೂ ಏಳುತ್ತಿತ್ತು. ಇಷ್ಟೇ ಇತ್ತೇ ಈ ಬೀದಿಯ ಅಗಲ ಎಂದು ಹಿಂತಿರುಗಿ ತನ್ನ ಅಂಗಡಿಯನ್ನೇ ಒಮ್ಮೆ ನೋಡಿದಳು.

ಮೊಬೈಲ್‌ನವನು ಭೂತಗಾಜು ತೆಗೆದ. "ಏನಕ್ಕಾ, ಯಾರಿಗೆ ಟೀ?"

"ನಮ್ಮ ತಂಗಿ ಗೆದ್ಲು" ಎಂದಳು ಅಕ್ಕ. "ತಗೋ, ಒಂದು ನೀನು ಕುಡಿ."

ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು, "ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು" ಎಂದ.

"ಅವಳಿಗೆ ಅಷ್ಟು ಬೇಕು" ಎಂದಳು ಅಕ್ಕ, ಇನ್ನೊಂದು ಲೋಟವನ್ನು ಆ ಕಿಟಕಿಯ ಕಟ್ಟೆಯ ಮೇಲೆ ಇಟ್ಟು.